ಜೋಹಾರದ ಮಗ್ಗವೂ ಚಾರಣಿಗನ ಚೌಕಾಸಿಯೂ

ಹಿಮಾಲಯವನ್ನು ಕಾಣಲು ಹೋದವರು ಹಿಮಾಲಯದಲ್ಲಿ ಬಾಳುವವರನ್ನು ಕಾಣದೆಯೇ ಹಿಂದಿರುಗುವುದು ಈಗೀಗ ಸಾಮಾನ್ಯವಾಗಿಬಿಟ್ಟಿದೆ. ಬೆನ್ನಿಗೊಂದು ಚೀಲ, ಕೈಗೊಂದು ಊರುಗೋಲು, ದಿನಕ್ಕೆ ಇಷ್ಟು ಕಿಲೋಮೀಟರು, ಇಷ್ಟು ಎತ್ತರವೆಂಬ ಲೆಕ್ಕ. ನಡುವೆ ಎದುರಾಗುವ ಹಳ್ಳಿಗಳು ಚಹ ಕುಡಿಯುವ ತಾಣಗಳು ಮಾತ್ರ. ಉತ್ತರಾಖಂಡದ ಪಿಥೋರಗಢ ಜಿಲ್ಲೆಯ ಮುನ್ಸಿಯಾರಿಯಿಂದ ಹೊರಟು, ಗೋರಿಗಂಗೆಯ ಕಮರಿಯ ಅಂಚನ್ನು ಹಿಡಿದು, ಮಿಲಮ್ ಹಿಮನದಿಯವರೆಗೆ ಸಾಗುವ ಜೋಹಾರ ಕಣಿವೆಯ ಚಾರಣವೂ ಇದಕ್ಕೆ ಹೊರತಲ್ಲ. ಲೀಲಮ್, ಬೊಗ್‌ಡ್ಯಾರ್, ರಿಲ್‌ಕೋಟ್, ಮರ್ತೋಲಿ, ಬುರ್ಫು ಎಂದು ಊರುಗಳ ಹೆಸರನ್ನು ದಿನಚರಿಯಲ್ಲಿ ಬರೆದುಕೊಳ್ಳುವ ಪಥಿಕನು ಆ ಊರುಗಳ ಬಹುಪಾಲು ಮನೆಗಳು ಮಾಡಿಲ್ಲದೆ ನಿಂತಿರುವುದೇಕೆಂದು ಕೇಳುವುದು ಅಪರೂಪ. ಮುರಿದ ಗೋಡೆ, ಹಿಂಬದಿಯಲ್ಲಿ ಹಿಮಶಿಖರ. ಛಾಯಾಚಿತ್ರಕ್ಕೆ ಅಷ್ಟು ಸಾಕಾಗುತ್ತದೆ.

ಹೀಗೆ ಮೇಲೇರಿ ಇಳಿದು ಬಂದವನು ಕೊನೆಯ ದಿನ ಮುನ್ಸಿಯಾರಿಯ ಪೇಟೆಯಲ್ಲಿಯೋ ಸಮೀಪದ ದರ್ಕೋಟ್ ಗ್ರಾಮದ ಅಂಗಳದಲ್ಲಿಯೋ ಮಗ್ಗದ ಮುಂದೆ ಕುಳಿತ ಹೆಂಗಸನ್ನು ಕಾಣುತ್ತಾನೆ. ಮೊದಲು ಚಿತ್ರ ತೆಗೆಯುತ್ತಾನೆ, ಆಮೇಲೆ ಬೆಲೆ ಕೇಳುತ್ತಾನೆ, ಕೂಡಲೇ ಅದರ ಅರ್ಧಕ್ಕೆ ಕೇಳುತ್ತಾನೆ. ಗುಡ್ಡಗಾಡಿನ ಜನ ಮೊದಲೇ ಏರಿಸಿ ಹೇಳಿರುತ್ತಾರೆಂಬುದು ಅವನ ನಂಬಿಕೆ. ಊರಿಗೆ ಮರಳಿ, ಇಂತಿಷ್ಟಕ್ಕೆ ತಂದೆನೆಂದು ಹೇಳಿಕೊಳ್ಳುವುದರಲ್ಲಿ ಒಂದು ಬಗೆಯ ಜಾಣತನದ ಸಂತೋಷವೂ ಇದೆ. ಹಾಗೆ ಚೌಕಾಸಿ ಮಾಡುವವರೆಲ್ಲರೂ ಜಿಪುಣರೆಂದು ಹೇಳಲಾಗದು. ಕಾಲಿಗೆ ಹಾಕಿದ ಪಾದರಕ್ಷೆಗೆ ಅಂಗಡಿಯವನು ಹೇಳಿದ ಬೆಲೆಯನ್ನು ತುಟಿಪಿಟಕ್ಕೆನ್ನದೆ ಕೊಟ್ಟು ಬಂದವರೇ ಅವರು. ತಮ್ಮ ಮುಂದಿರುವ ವಸ್ತು ಏನು, ಅದು ಎಲ್ಲಿಂದ ಬಂತು, ಅದರ ಹಿಂದೆ ಎಂಥ ಇತಿಹಾಸವಿದೆ ಎಂಬುದು ತಿಳಿಯದಿರುವುದರಿಂದ ಅವರ ಕೈ ಬಿಗಿಯಾಗುತ್ತದೆ.

ಜೋಹಾರದ ಜನರನ್ನು ಹೊರಗಿನವರು ಭೋಟಿಯಾ ಎಂದು ಕರೆದರು. ಭೋಟ್ ಎಂದರೆ ಟಿಬೆಟ್. ಅವರು ತಮ್ಮನ್ನು ಶೌಕರೆಂದು ಕರೆದುಕೊಳ್ಳುತ್ತಾರೆ. ಬೇಸಗೆಯಲ್ಲಿ ಮಿಲಮ್, ಮರ್ತೋಲಿಯಂಥ ಎತ್ತರದ ಊರುಗಳು, ಚಳಿಗಾಲದಲ್ಲಿ ಕೆಳಗಿನ ಬಿಸಿಲ ಕಣಿವೆಗಳು, ನಡುವೆ ಮುನ್ಸಿಯಾರಿ: ಹೀಗೆ ಋತುವಿನೊಡನೆ ಏರುತ್ತ ಇಳಿಯುತ್ತ ಬಾಳಿದ ವ್ಯಾಪಾರಿ ಜನಾಂಗವಿದು. ಊಂಟಾಧುರಾ ಮೊದಲಾದ ಕಣಿವೆದಾರಿಗಳನ್ನು ದಾಟಿ ಅವರು ಪಶ್ಚಿಮ ಟಿಬೆಟ್ಟಿನ ಗ್ಯಾನಿಮಾ ಮಾರುಕಟ್ಟೆಗೆ ಹೋಗುತ್ತಿದ್ದರು. ಇಲ್ಲಿಂದ ಧಾನ್ಯ, ಬೆಲ್ಲ, ಬಟ್ಟೆ. ಅಲ್ಲಿಂದ ಉಪ್ಪು, ಬಿಳಿಗಾರ, ಉಣ್ಣೆ. ಹೊರುವವು ಕುರಿ ಮೇಕೆಗಳು. ಒಂದೊಂದರ ಬೆನ್ನ ಮೇಲೂ ಎರಡು ಬದಿಗೆ ಜೋಲುವ ಪುಟ್ಟ ಚೀಲ, ಅದರಲ್ಲಿ ಸುಮಾರು ಹತ್ತು ಕಿಲೋ ಸರಕು. ಆ ಚೀಲವೂ ಮನೆಯ ಮಗ್ಗದಲ್ಲಿ ನೇಯ್ದದ್ದೇ. ಪ್ರತಿಯೊಬ್ಬ ಶೌಕ ವ್ಯಾಪಾರಿಗೂ ಟಿಬೆಟ್ಟಿನಲ್ಲಿ ವಂಶಪಾರಂಪರ್ಯವಾಗಿ ಬಂದ ಒಬ್ಬ ಮಿತ್ರನಿರುತ್ತಿದ್ದನು. ಒಪ್ಪಂದದ ಗುರುತಿಗೆ ಒಂದು ಕಲ್ಲನ್ನು ಎರಡು ಹೋಳಾಗಿ ಒಡೆದು ಆಚೆಗೊಂದು, ಈಚೆಗೊಂದು ಇಟ್ಟುಕೊಳ್ಳುವ ವಾಡಿಕೆಯಿತ್ತು. ಕಾಗದಪತ್ರ ಬೇಕಿದ್ದಲ್ಲಿ ಹೋಳಿಗೆ ಹೋಳು ಕೂಡಿದರೆ ಸಾಕಾಗಿತ್ತು.

1962ರ ಯುದ್ಧ ಈ ಬದುಕನ್ನು ಒಂದೇ ಪೆಟ್ಟಿಗೆ ಕಡಿದುಹಾಕಿತು. ಗಡಿ ಮುಚ್ಚಿತು. ಮಾರುಕಟ್ಟೆ ಹೋಯಿತು, ಸರಕು ಹೊರುತ್ತಿದ್ದ ಹಿಂಡುಗಳಿಗೆ ಕೆಲಸವಿಲ್ಲದಾಯಿತು. ನೂರಾರು ಒಕ್ಕಲುಗಳ ದೊಡ್ಡ ಊರೆಂದು ಹೆಸರಾಗಿದ್ದ ಮಿಲಮ್‌ನಲ್ಲಿ ಇಂದು ಬೇಸಗೆಯಲ್ಲಿ ಬಂದು ಹೋಗುವ ಕೆಲವೇ ಸಂಸಾರಗಳಿವೆ. ನೆರೆಯ ಬ್ಯಾಂಸ್ ಕಣಿವೆಯ ಲಿಪುಲೇಖ್ ದಾರಿಯಲ್ಲಿ 1992ರಲ್ಲಿ ಅಲ್ಪಸ್ವಲ್ಪ ವ್ಯಾಪಾರ ಮತ್ತೆ ಆರಂಭವಾಯಿತು. ಜೋಹಾರದ ದಾರಿಗಳಿಗೆ ಆ ಭಾಗ್ಯವೂ ಬರಲಿಲ್ಲ. ಚಾರಣಿಗನು ಚಿತ್ರ ತೆಗೆದುಕೊಂಡ ಆ ಮಾಡಿಲ್ಲದ ಮನೆಗಳು ವ್ಯಾಪಾರ ಸತ್ತುಹೋದ ಮನೆಗಳು. ಭೂಕಂಪಕ್ಕಾಗಲಿ ಹಿಮಪಾತಕ್ಕಾಗಲಿ ಅವು ಬಿದ್ದವುಗಳಲ್ಲ.

ಎಲ್ಲವೂ ಹೋದ ಮೇಲೆ ಉಳಿದದ್ದು ಮಗ್ಗ. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಶೌಕರಲ್ಲಿ ನೇಯ್ಗೆ ಹೆಂಗಸರದು. ಗಂಡಸರು ಕುರಿಗಳ ಹಿಂದೆ ನಡೆಯುತ್ತಲೇ ಕೈತಕಲಿಯಲ್ಲಿ ನೂಲು ತೆಗೆಯುವರು. ಮನೆಯಲ್ಲಿ ತಾಯಿ, ಮಗಳು, ಸೊಸೆ ನೇಯುವರು. ಟಿಬೆಟ್ಟಿನ ಉಣ್ಣೆ ಅವರ ಕೈಯಲ್ಲಿ ಹಲವು ರೂಪ ತಾಳುತ್ತಿತ್ತು. ಕೋಟು ಹೊಲಿಯಲು ಬರುವ ಕಿರುಪನ್ನದ ಪಟ್ಟಿ, ಹೊದೆಯುವ ತೆಳುವಾದ ಪಂಖಿ, ಕುಳಿತುಕೊಳ್ಳುವ ಆಸನ, ದಪ್ಪನೆಯ ಚುಟ್ಕಾ, ಉದ್ದ ರೋಮದ ಹೊದಿಕೆಯಾದ ಥುಲ್ಮಾ, ಇವೆಲ್ಲಕ್ಕೂ ಕಿರೀಟವಿಟ್ಟಂತೆ ದನ್ ಎಂಬ ನೆಲಗಂಬಳಿ. ಥುಲ್ಮಾದ ಪಟ್ಟಿಗಳನ್ನು ನೇಯ್ದು, ಅಂಚಿಗೆ ಅಂಚು ಸೇರಿಸಿ ಹೊಲಿದು, ಮೇಲ್ಮೈಯನ್ನು ಬಾಚಿ ಬಾಚಿ ರೋಮವೆಬ್ಬಿಸುತ್ತಾರೆ. ಹಿಮ ಬೀಳುವ ಇರುಳಿನಲ್ಲಿ ಅದರಡಿ ಮಲಗಿದವರಿಗೆ ಅದರ ಭಾರವೇ ಒಂದು ಬಗೆಯ ಬೆಚ್ಚಗೆ.

ದನ್ ನೇಯ್ಗೆಯನ್ನು ಒಂದು ಗಳಿಗೆ ನಿಂತು ನೋಡಿದವರಿಗೂ ಅದರ ನಿಧಾನ ಅರಿವಾಗದಿರದು. ನಿಲುವಾಗಿ ಬಿಗಿದ ಹಾಸುನೂಲು. ಬಣ್ಣದ ಉಣ್ಣೆಯನ್ನು ಹಾಸಿಗೆ ಎಳೆಎಳೆಯಾಗಿ ಸಿಕ್ಕಿಸಿ, ಸಾಲು ಮುಗಿದ ಮೇಲೆ ಕತ್ತರಿಸಿ, ಹೊಕ್ಕಿನ ನೂಲನ್ನು ಹಾಯಿಸಿ, ಹಣಿಗೆಯಿಂದ ಬಡಿದು ಕೂರಿಸಬೇಕು. ಇಷ್ಟಾದರೆ ಒಂದು ಸಾಲು. ಅದರ ಎತ್ತರ ಒಂದು ಭತ್ತದ ಕಾಳಿನಷ್ಟೂ ಇಲ್ಲ. ಚಿತ್ತಾರಕ್ಕೆ ಮುಂದೆ ಯಾವ ನಕಾಶೆಯೂ ಇರುವುದಿಲ್ಲ. ಟಿಬೆಟ್ಟಿನ ಕಡೆಯಿಂದ ಬಂದ ಹೂವು, ಮೋಡ, ಡ್ರ್ಯಾಗನ್ನುಗಳ ಆಕೃತಿಗಳು ನೇಯುವವಳ ಬೆರಳಲ್ಲಿಯೇ ಇರುತ್ತವೆ. ಬಣ್ಣವೂ ಬೆಟ್ಟದ್ದೇ: ಆಕ್ರೋಟದ ಸಿಪ್ಪೆಯಿಂದ ಕಂದು, ಡೋಲುವಿನ ಬೇರಿನಿಂದ ಹಳದಿ, ಮಂಜಿಷ್ಠದಿಂದ ಕೆಂಪು. ಪೇಟೆಯ ರಾಸಾಯನಿಕ ಬಣ್ಣಗಳು ಬಂದು ಬಹುಕಾಲವಾಯಿತು. ಆದರೂ ಹಳೆಯ ಬಣ್ಣಗಾರಿಕೆ ಪೂರ್ತಿ ಅಳಿದಿಲ್ಲ.

ಕಂಬಳಿಯನ್ನು ಬಲ್ಲ ಕನ್ನಡಿಗನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಚಳ್ಳಕೆರೆಯ ಕಡೆ ಹಾಸಿಗೆ ಹುಣಿಸೆಬೀಜದ ಗಂಜಿ ಹಾಕಿ, ಗುಂಡಿಮಗ್ಗದಲ್ಲಿ ಕೂತು ಕರಿಯ ಕಂಬಳಿ ನೇಯುವ ಕುರುಬ ನೇಕಾರನ ಕೈ ಜೋಹಾರದ ನೇಯ್ಗೆಯವಳ ಕೈಗೆ ದೂರದ್ದಲ್ಲ. ಇಬ್ಬರದೂ ಒರಟು ಉಣ್ಣೆ, ಇಬ್ಬರ ಸರಕಿಗೂ ಎದುರಾಳಿ ಒಂದೇ, ಪಾಣಿಪತ್ತಿನ ಗಿರಣಿಗಳಲ್ಲಿ ಹಳೆಯ ಚಿಂದಿಯಿಂದ ತಯಾರಾಗಿ ಬರುವ ಅಗ್ಗದ ಹೊದಿಕೆ. ಒಬ್ಬರನ್ನು ಬಿಟ್ಟುಕೊಟ್ಟವರಿಗೆ ಇನ್ನೊಬ್ಬರ ವಿಷಯದಲ್ಲಿ ಕಣ್ಣೀರು ಸುರಿಸುವ ಅಧಿಕಾರ ಅಷ್ಟಾಗಿ ಇರಲಾರದು.

1962ರ ತರುವಾಯ ಜೋಹಾರದ ಅನೇಕ ಮನೆಗಳಿಗೆ ನಗದು ತಂದುಕೊಟ್ಟದ್ದು ಈ ಹೆಂಗಸರ ಕೆಲಸ. ನವೆಂಬರಿನಲ್ಲಿ ಗೋರಿ ಮತ್ತು ಕಾಳಿ ನದಿಗಳು ಕೂಡುವ ಜೌಲಜೀಬಿಯ ಜಾತ್ರೆ, ಮಕರ ಸಂಕ್ರಮಣದಲ್ಲಿ ಬಾಗೇಶ್ವರದ ಉತ್ತರಾಯಣಿ ಜಾತ್ರೆ, ಇವೆರಡೂ ಉಣ್ಣೆಯ ಸರಕಿಗೆ ಹೆಸರಾದ ಸಂತೆಗಳು. ಅಲ್ಲಿ ಮಾರಿದ ಥುಲ್ಮಾ, ದನ್‌ಗಳ ಹಣ ಎಲ್ಲಿಗೆ ಹೋಯಿತು? ಅನ್ನಕ್ಕೆ ಹೋಯಿತು, ಬಟ್ಟೆಗೆ ಹೋಯಿತು. ಗಮನಾರ್ಹವಾದ ಒಂದು ಪಾಲು ಮಕ್ಕಳ ಓದಿಗೆ ಹೋಯಿತು. ಇಲ್ಲಿಯೇ ಈ ವಿಷಯ ಅಧ್ಯಾಪಕರಿಗೂ ವಿದ್ಯಾದಾನಿಗಳಿಗೂ ಹತ್ತಿರ ಬರುವುದು.

ಶೌಕರಿಗೆ ವಿದ್ಯೆ ಹೊಸದಲ್ಲ. ಟಿಬೆಟ್ಟಿನ ಭೂಪಟವನ್ನು ಕಾಲ್ನಡೆಯಲ್ಲಿ ಅಳೆದ ಪಂಡಿತ ನೈನ್ ಸಿಂಗ್ ರಾವತ್ 1830ರಲ್ಲಿ ಹುಟ್ಟಿದ್ದು ಇದೇ ಕಣಿವೆಯಲ್ಲಿ. ಸರ್ವೇ ಇಲಾಖೆಯವರು ಕರೆಯುವ ಮುನ್ನ ಅವನು ಮಿಲಮ್‌ನ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದನು. ಪಂಡಿತನೆಂಬ ಹೆಸರು ಅವನಿಗೆ ಅಂಟಿದ್ದು ಅದರಿಂದಲೇ. ನೂರೆಂಟು ಮಣಿಗಳ ಜಪಮಾಲೆಯನ್ನು ನೂರು ಮಣಿಗೆ ಇಳಿಸಿ, ನೂರು ಹೆಜ್ಜೆಗೊಂದು ಮಣಿ ಸರಿಸುತ್ತ, ಕಾಠ್ಮಂಡುವಿನಿಂದ ಲ್ಹಾಸಾಕ್ಕೆ ಹೋಗಿ ಮಾನಸಸರೋವರದ ದಾರಿಯಾಗಿ 1866ರಲ್ಲಿ ಹಿಂದಿರುಗಿದ ಈ ಮೇಷ್ಟರಿಗೆ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ 1877ರಲ್ಲಿ ಸುವರ್ಣಪದಕ ನೀಡಿ ಗೌರವಿಸಿತು. ಹಿಮಾಲಯದಲ್ಲಿ ದಿನಕ್ಕಿಷ್ಟು ಹೆಜ್ಜೆಯೆಂದು ಕೈಗಡಿಯಾರದಲ್ಲಿ ನೋಡಿ ಬೀಗುವ ಇಂದಿನ ಚಾರಣಿಗರಿಗೆ ಇದು ತಿಳಿದಿದ್ದರೆ ಚೆನ್ನು.

ಅಂಥ ಹಿನ್ನೆಲೆಯ ಜನ ವ್ಯಾಪಾರ ಕೈಬಿಟ್ಟ ಮೇಲೆ ಓದನ್ನು ಹಿಡಿದದ್ದು ಸಹಜವೇ. 1967ರಲ್ಲಿ ಭೋಟಿಯಾ ಜನಾಂಗಕ್ಕೆ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. ಒಂದೆರಡು ತಲೆಮಾರಿನೊಳಗೆ ಜೋಹಾರದ ಮಕ್ಕಳು ಶಾಲಾ ಶಿಕ್ಷಕರಾದರು, ಬ್ಯಾಂಕಿನ ನೌಕರರಾದರು, ಸೈನ್ಯದಲ್ಲಿಯೂ ಆಡಳಿತ ಸೇವೆಯಲ್ಲಿಯೂ ಉನ್ನತ ಹುದ್ದೆಗಳಿಗೇರಿದರು. ತಾಯಂದಿರು ಮಗ್ಗದಲ್ಲಿ ಬೆನ್ನು ಬಾಗಿಸಿ ಕೂತು ಹೊಂದಿಸಿದ ಶುಲ್ಕ ಆ ಏಳಿಗೆಯ ತಳದಲ್ಲಿದೆ. ಹಾಗೆ ಓದಿದ ಹೆಣ್ಣುಮಕ್ಕಳು ಮರಳಿ ಮಗ್ಗಕ್ಕೆ ಬರಲಿಲ್ಲ. ಹಲ್ದ್ವಾನಿ, ದೆಹರಾದೂನ್, ದೆಹಲಿಗಳಲ್ಲಿ ನೆಲೆಸಿದರು. ಮಗ್ಗವು ಶಾಲೆಯನ್ನು ಸಾಕಿತು. ಶಾಲೆಯು ಮಗ್ಗದಿಂದ ಮಕ್ಕಳನ್ನು ಕರೆದುಕೊಂಡು ಹೋಯಿತು.

ಈ ಸ್ಥಿತಿಯನ್ನು ಕಂಡು ಮರುಗುವವರ ಗುಂಪೊಂದಿದೆ. ಪ್ರಾಚೀನ ಕಲೆ ನಶಿಸುತ್ತಿದೆ, ಹುಡುಗಿಯರು ತಾಯಿಯ ಬಳಿ ಕಲಿಯುವುದನ್ನು ಬಿಟ್ಟು ಪುಸ್ತಕ ಹಿಡಿದು ಕೆಟ್ಟರು ಎಂಬುದು ಅವರ ಅಳಲು. ಇವರಲ್ಲಿ ಬಹುಮಂದಿ ತಮ್ಮ ಹೆಣ್ಣುಮಕ್ಕಳನ್ನು ಎಂಜಿನಿಯರಿಂಗ್ ಕಾಲೇಜಿಗೆ ಸೇರಿಸಿ ಬಂದವರು. ಪರರ ಮಗಳು ಕೊರೆಯುವ ಚಳಿಯಲ್ಲಿ ನೇಯುತ್ತ ಕೂತಿರಲಿ, ರಜೆಯಲ್ಲಿ ಹೋದಾಗ ನೋಡಿ ಆನಂದಿಸೋಣವೆಂಬ ಈ ಕಲಾಪ್ರೇಮಕ್ಕೆ ಬೆಲೆ ಕೊಡಬೇಕಾಗಿಲ್ಲ. ಬಡತನವನ್ನು ಕಾವಲಿಗಿಟ್ಟು ಉಳಿಸಿಕೊಳ್ಳುವ ಕಲೆ ಬಡತನ ಹೋದ ದಿನವೇ ಹೋಗುತ್ತದೆ, ಹೋಗಬೇಕಾದದ್ದೂ ನ್ಯಾಯವೇ. ಜೋಹಾರದ ಹೆಂಗಸರು ತಮ್ಮ ಹೆಣ್ಣುಮಕ್ಕಳಿಗೆ ಬೇರೆ ದಾರಿ ತೆರೆಯಲೆಂದೇ ನೇಯ್ದರು. ಆ ದಾರಿಯಲ್ಲಿ ಮಕ್ಕಳು ನಡೆದುಹೋದುದನ್ನು ಸೋಲೆನ್ನುವುದು ತಾಯಂದಿರ ದುಡಿಮೆಗೆ ಮಾಡುವ ಅವಮಾನ.

ಹಾಗಾದರೆ ದನ್ ಅಳಿಯಲಿ ಎಂದೇ? ಅಲ್ಲ. ಓದಿದ ಹೆಣ್ಣೊಬ್ಬಳು, ಬೇರೆ ಕೆಲಸ ಸಿಗುವಂತಿದ್ದೂ, ಇದನ್ನೇ ಆರಿಸಿಕೊಳ್ಳುವಷ್ಟು ಪ್ರತಿಫಲ ಮಗ್ಗದಲ್ಲಿದ್ದರೆ ದನ್ ಉಳಿಯುತ್ತದೆ. ಇಲ್ಲದಿದ್ದರೆ ಯಾವ ವಸ್ತುಪ್ರದರ್ಶನವೂ ಅದನ್ನು ಉಳಿಸಲಾರದು. ಪ್ರಶ್ನೆ ಬೆಲೆಯದು. ಲೆಕ್ಕ ಬಲು ಸರಳವಾಗಿದೆ. ಉತ್ತರಾಖಂಡದಲ್ಲಿ 2024-25ರಲ್ಲಿ ಉದ್ಯೋಗಖಾತರಿ ಯೋಜನೆಯ ದಿನಗೂಲಿ 237 ರೂಪಾಯಿ ಇತ್ತು. ಮಣ್ಣು ಹೊರುವ, ಕಲ್ಲು ಜೋಡಿಸುವ ಕೆಲಸಕ್ಕೆ ಸರಕಾರ ಕಟ್ಟಿದ ಕೂಲಿ ಅದು. ಒಂದು ನೆಲಗಂಬಳಿಗೆ ಇಪ್ಪತ್ತು ದಿನ ಹಿಡಿಯಿತೆಂದು ಇಟ್ಟುಕೊಂಡರೂ, ಅದೇ ದರದಲ್ಲಿ 4,740 ರೂಪಾಯಿ ಬರೀ ಕೂಲಿಯಾಯಿತು. ಉಣ್ಣೆಯ ಬೆಲೆ, ನೂಲು ತೆಗೆದ ದಿನಗಳು, ಬಣ್ಣ, ಸಾಗಣೆ ಇನ್ನೂ ಸೇರಿಲ್ಲ. ಕುಶಲ ಕೈಗೆ ಮಣ್ಣು ಹೊರುವ ಕೈಗಿಂತ ಒಂದು ಕಾಸೂ ಹೆಚ್ಚು ಕೊಟ್ಟಿಲ್ಲವೆಂಬುದನ್ನೂ ಮರೆಯಬಾರದು. ಅಂಗಳದಲ್ಲಿ ನಿಂತು ಅರ್ಧಕ್ಕೆ ಕೇಳುವವನು ನೇಯ್ದವಳಿಂದ ಹತ್ತು ದಿನದ ಬಿಟ್ಟಿ ಬೇಡುತ್ತಿದ್ದಾನೆ. ಇದೇ ಕುಮಾವೂನ್ ಪ್ರಾಂತದ ಜನ 1921ರ ಉತ್ತರಾಯಣಿ ಜಾತ್ರೆಯಲ್ಲಿ ಬಿಟ್ಟಿ ಕೂಲಿಯ ದಫ್ತರಗಳನ್ನು ಸರಯೂ ನದಿಗೆ ಎಸೆದು, ಇನ್ನು ಬಿಟ್ಟಿ ದುಡಿಯುವುದಿಲ್ಲವೆಂದು ಸಾರಿದರು. ಆ ಹಳೆಯ ಬಿಟ್ಟಿಯನ್ನು ಚಾರಣಿಗನು ನಗುನಗುತ್ತ ಮತ್ತೆ ಕೇಳುತ್ತಿರುತ್ತಾನೆ.

2021ರಲ್ಲಿ ಭೋಟಿಯಾ ದನ್‌ಗೂ ಥುಲ್ಮಾಕ್ಕೂ ಭೌಗೋಳಿಕ ಸೂಚನೆಯ ಮುದ್ರೆ ದೊರೆಯಿತು. ಸಂತೋಷವೇ. ಬೇರೆಡೆ ತಯಾರಾದ ನಕಲಿಗೆ ಆ ಹೆಸರು ಅಂಟಿಸಿದರೆ ಕಾನೂನು ಅಡ್ಡ ಬರುತ್ತದೆ. ಆದರೆ ಮುದ್ರೆಯು ತನ್ನಷ್ಟಕ್ಕೆ ತಾನೇ ಕೊಳ್ಳುವವರನ್ನು ಕರೆತರುವುದಿಲ್ಲ; ಮೈಸೂರು ರೇಷ್ಮೆ, ಇಳಕಲ್ ಸೀರೆಗಳ ಅನುಭವವುಳ್ಳ ನಾಡಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮುದ್ರೆಯ ಅರ್ಥ ತಿಳಿದ ಗ್ರಾಹಕನಿದ್ದರೆ ಮಾತ್ರ ಅದಕ್ಕೆ ಜೀವ.

ಮುನ್ಸಿಯಾರಿಯ ಪಕ್ಕದ ಸರ್ಮೋಲಿ ಗ್ರಾಮದವರು ಬೇರೊಂದು ದಾರಿ ಹುಡುಕಿದ್ದಾರೆ. ಅಲ್ಲಿನ ಮಾಟಿ ಎಂಬ ಮಹಿಳಾ ಸಂಘಟನೆಯವರು 2004ರಿಂದ ತಮ್ಮ ಮನೆಗಳಲ್ಲಿಯೇ ಪ್ರವಾಸಿಗರನ್ನು ಇಳಿಸಿಕೊಳ್ಳುವ ಏರ್ಪಾಡು ಮಾಡಿದರು. 2023ರಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಸರ್ಮೋಲಿಯನ್ನು ಅತ್ಯುತ್ತಮ ಪ್ರವಾಸಿ ಗ್ರಾಮವೆಂದು ಪುರಸ್ಕರಿಸಿತು. ಇದರಲ್ಲಿ ಮೆಚ್ಚಬೇಕಾದ ಸಂಗತಿಯೆಂದರೆ ಅತಿಥಿ ಮನೆಯೊಳಗೆ ಬರುತ್ತಾನೆ. ಅದೇ ಒಲೆಯ ಮುಂದೆ ಕೂತು ಉಣ್ಣುತ್ತಾನೆ. ಹೊಲ, ದನಕರು, ಸೌದೆಯ ಕೆಲಸಗಳ ನಡುವೆ ನೇಯ್ಗೆ ಎಲ್ಲಿ ಬರುತ್ತದೆಂಬುದನ್ನು ಕಣ್ಣಾರೆ ಕಾಣುತ್ತಾನೆ. ಹಾಗೆ ಎರಡು ದಿನ ಉಂಡವನು ಬೆಳಿಗ್ಗೆ ಎದ್ದು ಅರ್ಧಬೆಲೆಗೆ ಕೇಳಲು ಸಂಕೋಚಪಡುತ್ತಾನೆ. ಆ ಸಂಕೋಚ ಬಹಳ ಕೆಲಸ ಮಾಡುತ್ತದೆ.

ಇನ್ನೊಂದು ಆಕ್ಷೇಪಣೆ ಆಗಾಗ್ಗೆ ಕೇಳಿಬರುತ್ತದೆ. ಈಗ ಜೋಹಾರದಲ್ಲಿ ನೇಯುವ ಶಾಲುಗಳಿಗೆ ಗಿರಣಿಯ ನೂಲು ಬರುತ್ತದೆ, ಉಣ್ಣೆ ವಿದೇಶದ್ದು, ಬಣ್ಣ ಡಬ್ಬಿಯದು. ಇದು ಅಪ್ಪಟವೇ ಎಂದು. ಅಪ್ಪಟವೆಂಬ ಮಾತಿನ ಗೀಳು ನಗರವಾಸಿಗಳಿಗೆ ವಿಶೇಷವಾಗಿ ಇದೆ. ಜೋಹಾರದ ಉಣ್ಣೆ ಯಾವ ಕಾಲಕ್ಕೂ ಪೂರ್ತಿಯಾಗಿ ಜೋಹಾರದ್ದಾಗಿರಲಿಲ್ಲ; ಅದು ಟಿಬೆಟ್ಟಿನಿಂದ ಕುರಿಯ ಬೆನ್ನೇರಿ ಬರುತ್ತಿತ್ತು. ವ್ಯಾಪಾರಿಗಳು ದೊರೆತ ಕಡೆಯಿಂದ ಉಣ್ಣೆ ತರುವುದು ಅವರ ಪರಂಪರೆಯೇ ಆಗಿದೆ. ಯಾವ ನೂಲು, ಯಾವ ಬಣ್ಣವೆಂದು ಮಾರುವವರು ಮರೆಮಾಚದೆ ಹೇಳಿದರೆ ಸಾಕು. ಮಿಕ್ಕದ್ದು ಕೊಳ್ಳುವವನ ಆಯ್ಕೆ.

ಕನ್ನಡ ನಾಡಿನಿಂದ ವರ್ಷವರ್ಷವೂ ಹಿಮಾಲಯಕ್ಕೆ ನಡೆಯಹೋಗುವ ಯುವಕ ಯುವತಿಯರ ಸಂಖ್ಯೆ ಸಣ್ಣದಲ್ಲ. ಅವರಲ್ಲಿ ಶಾಲಾ ಕಾಲೇಜುಗಳ ಪರವಾಗಿ ಹೋಗುವ ತಂಡಗಳೂ ಇವೆ. ಇಂಥ ತಂಡಗಳಿಗೆ ಶಿಖರದ ಎತ್ತರವನ್ನು ಕಂಠಪಾಠ ಮಾಡಿಸುವ ಅಧ್ಯಾಪಕರು 1962ರಲ್ಲಿ ಆ ಕಣಿವೆಗೆ ಏನಾಯಿತೆಂಬುದನ್ನೂ ಹೊರಡುವ ಮುನ್ನ ಒಂದು ಗಂಟೆ ಹೇಳಿದರೆ ತಪ್ಪೇನಿಲ್ಲ. ಸಭೆ ಸಮಾರಂಭಗಳಲ್ಲಿ ಗಣ್ಯರಿಗೂ ದಾನಿಗಳಿಗೂ ಹೊದಿಸುವ ಶಾಲಿನ ವಿಷಯವೂ ಇಲ್ಲಿ ನೆನಪಾಗುತ್ತದೆ. ಯಂತ್ರದಲ್ಲಿ ನೇಯ್ದ, ಜರಿಯಂಚು ಮಿರುಗುವ, ಬೀರುವಿನಿಂದ ಬೀರುವಿಗೆ ಹೋಗುತ್ತ ಒಮ್ಮೆಯೂ ಯಾರ ಚಳಿಯನ್ನೂ ಕಳೆಯದ ಶಾಲುಗಳವು. ವರ್ಷಕ್ಕೆ ಹತ್ತಾರು ಕೊಳ್ಳುವ ಸಂಸ್ಥೆಯೊಂದು ಅವುಗಳ ಬದಲು ನಾಲ್ಕೇ ನಾಲ್ಕು ಕೈಮಗ್ಗದ ಹೊದಿಕೆಗಳನ್ನು, ಅದು ಮುನ್ಸಿಯಾರಿಯದಾಗಲಿ ಚಳ್ಳಕೆರೆಯದಾಗಲಿ, ಕೊಂಡರೆ ಸನ್ಮಾನಿತರಿಗೆ ನಷ್ಟವಿಲ್ಲ. ಒಂದೆರಡು ಮನೆಗಳಲ್ಲಿ ಮಗ್ಗದ ಸದ್ದು ಒಂದು ತಿಂಗಳು ಹೆಚ್ಚು ಕೇಳಿಸುತ್ತದೆ.

ಹೋಗುವವರು ಗಮನಿಸಬೇಕಾದ ವಿಷಯಗಳು ಒಂದೆರಡಿವೆ. ಮೇಲಿನ ಊರುಗಳಲ್ಲಿ ಮಗ್ಗಗಳನ್ನು ಹುಡುಕಿ ಪ್ರಯೋಜನವಿಲ್ಲ. ಗೋರಿಯ ಕಮರಿಯಲ್ಲಿ ವರ್ಷಗಳಿಂದ ನಡೆದಿರುವ ರಸ್ತೆ ಕಡಿಯುವ ಕೆಲಸ ಆ ಊರುಗಳಿಗೆ ಮುಂದೆ ಏನನ್ನು ತರುವುದೋ ಕಾದು ನೋಡಬೇಕು. ಚಾರಣದ ಕೊನೆಗೆ ಎರಡು ದಿನಗಳನ್ನು ಮುನ್ಸಿಯಾರಿಗೆಂದೇ ಮೀಸಲಿಟ್ಟರೆ, ಒಂದು ದಿನ ದಿವಂಗತ ಡಾ. ಶೇರ್ ಸಿಂಗ್ ಪಾಂಗತಿಯವರು ಸ್ವಂತ ಆಸಕ್ತಿಯಿಂದ ಕಟ್ಟಿದ ಬುಡಕಟ್ಟು ಪರಂಪರೆಯ ವಸ್ತುಸಂಗ್ರಹಾಲಯವನ್ನು ನೋಡಬಹುದು. ಹಳೆಯ ವ್ಯಾಪಾರದ ಕಾಲದ ಸಲಕರಣೆಗಳು ಅಲ್ಲಿವೆ. ಮರುದಿನ ದರ್ಕೋಟ್‌ಗೆ ನಡೆದುಹೋಗಬಹುದು; ಕೆತ್ತನೆಯ ಬಾಗಿಲುಗಳ ಹಳೆಯ ಮನೆಗಳೂ ಅಲ್ಲಿವೆ, ಮಗ್ಗಗಳೂ ಇವೆ. ಕ್ಯಾಮೆರಾ ಹೊರತೆಗೆಯುವ ಮೊದಲು ಅನುಮತಿ ಕೇಳುವುದು ಒಳ್ಳೆಯದು, ಬೆಲೆ ಕೇಳುವ ಮೊದಲು ಎಷ್ಟು ದಿನ ಹಿಡಿಯಿತೆಂದು ಕೇಳುವುದು ಇನ್ನೂ ಒಳ್ಳೆಯದು. ಸಿದ್ಧವಾಗಿದ್ದುದು ಮನಸ್ಸಿಗೆ ಬಾರದಿದ್ದರೆ ಅಳತೆ, ಬಣ್ಣ ಹೇಳಿ, ಉಣ್ಣೆ ಕೊಳ್ಳಲು ಅನುಕೂಲವಾಗುವಂತೆ ಅರ್ಧ ಹಣವನ್ನು ಮುಂಗಡವಾಗಿ ಕೊಟ್ಟು, ವಿಳಾಸ ಬರೆದಿಟ್ಟು ಬರಬೇಕು. ಹೊಲದ ಕೆಲಸ ಮುಗಿದು ಚಳಿ ಹಿಡಿದ ಮೇಲೆ ಮಗ್ಗ ಏರುತ್ತದೆ. ಕಂಬಳಿ ಅಂಚೆಯಲ್ಲಿ ಬರುವುದು ಮಾಘವೋ ಫಾಲ್ಗುಣವೋ ಆದೀತು.